ರೊಕ್ಕದ ಪಾಠ: ಕಥೆಯೋ, ಹುಂಡಿಯೋ, ಆ್ಯಪೋ?

ನನ್ನ ಐದು ವರ್ಷದ ಮಗ ಮನೆಯಲ್ಲಿ ಅಂಗಡಿ ಆಟ ಆಡುತ್ತಾನೆ. ಮುಂದೆ ನಾಲ್ಕು ಬಟಾಟಿ, ಒಂದು ಬಿಸ್ಕಿಟ್ ಪ್ಯಾಕು, ಅಕ್ಕನ ಹಳೇ ಕಂಪಾಸ್ ಬಾಕ್ಸು. ಗಿರಾಕಿ ನಾನೇ. ಸಾಮಾನು ಕೈಗೆ ಬಂದ ಮೇಲೆ ನಾನು ಬಾಚಣಿಗೆ ಎತ್ತಿ ತೋರಿಸಬೇಕು, ಅದು ಫೋನು. ಅವನೇ "ಟಿಣ್" ಅಂತಾನೆ. ಆಮೇಲೆ ದನಿ ಬದಲಿಸಿ, "ಐವತ್ತು ರೂಪಾಯಿ ಸ್ವೀಕರಿಸಲಾಗಿದೆ" ಅಂತಾನೆ. ಒಂದು ದಿನ ಸುಮ್ನೆ ನಿಜವಾದ ಇಪ್ಪತ್ತರ ನೋಟು ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದ. "ಇದು ಬ್ಯಾಡವ್ವಾ, ಫೋನ್ ತೋರಸು" ಅಂದ.

ನಗು ಬಂತು. ಆದರೆ ರಾತ್ರಿ ಪಾತ್ರೆ ತೊಳೆಯುವಾಗ ಒಂದು ವಿಷಯ ತಲೆಗೆ ಹೊಕ್ಕಿತು. ಅವನ ಅಂಗಡಿಯಲ್ಲಿ ಚಿಲ್ಲರೆಯೇ ಇಲ್ಲ. ಯಾರೂ ಯಾರಿಗೂ ಏನೂ ತಿರುಗಿ ಕೊಡುವುದಿಲ್ಲ. ಯಾರ ರೊಕ್ಕವೂ ಮುಗಿಯುವುದಿಲ್ಲ. ಅವನು ಹುಟ್ಟಿದಾಗಿನಿಂದ ಅವ್ವ ಫೋನು ತೋರಿಸುತ್ತಾಳೆ, ಡಬ್ಬಿಯೊಳಗಿನ ಹೆಂಗಸು ಕೂಗುತ್ತಾಳೆ, ಪೇಢೆ ಬರುತ್ತದೆ. ಪರ್ಸು ಖಾಲಿಯಾಗುವುದನ್ನು ಅವನು ನೋಡಿಯೇ ಇಲ್ಲ.

ಮಕ್ಕಳಿಗೆ ರೊಕ್ಕದ ಬಗ್ಗೆ ಹೇಗೆ ಕಲಿಸೋದು ಅಂತ ಇತ್ತೀಚೆಗೆ ಮೂರು ಮನೆಗಳಿಂದ ಕೇಳಿದ್ದಾರೆ. ಹುಬ್ಬಳ್ಳಿ ವಿದ್ಯಾನಗರದವರು ಯಾವ ಆ್ಯಪ್ ಒಳ್ಳೇದು ಅಂತ ಕೇಳಿದರು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಮಗಳಿಗೆ ಏಳು. ಗದಗ-ಬೆಟಗೇರಿಯವರದು ಸೀರೆ ಅಂಗಡಿ. ಅಜ್ಜಿ ಕಥೆ ಹೇಳುತ್ತಾರೆ, ಈ ಕಾಲಕ್ಕೆ ಅದು ಸಾಕಾ ಅನ್ನುವುದು ಅವರ ಪ್ರಶ್ನೆ. ಹಾವೇರಿಯ ಅವ್ವನಿಗೆ ಒಂಬತ್ತು ವರ್ಷದ ಮಗ. ಹುಂಡಿ ತುಂಬಿದೆ, ಬ್ಯಾಂಕಿಗೆ ಹಾಕಬೇಕಾ ಬೇಡವಾ? ಅದರ ಜೊತೆಗೆ ಮಾವನವರ ಒಂದು ಸಮಸ್ಯೆಯೂ ಇದೆ, ಅದಕ್ಕೆ ಕೊನೆಗೆ ಬರುತ್ತೇನೆ.

ಮೊದಲು ಯಾವುದರಿಂದ ಅಳೆಯೋಣ?

ನನ್ನ ಮೊದಲ ಅಳತೆ ಮಗನ ಅಂಗಡಿಯಿಂದಲೇ ಬಂದದ್ದು. ರೊಕ್ಕ ಕಡಿಮೆಯಾಗುವುದು ಮಗುವಿನ ಕಣ್ಣಿಗೆ ಕಾಣುತ್ತದೆಯಾ? ಕಾಣದಿದ್ದರೆ ಉಳಿದದ್ದೆಲ್ಲ ಚಂದ ಇದ್ದರೂ ನನಗೆ ಬೇಡ.

ಎರಡನೆಯದು, ತಪ್ಪು ಮಾಡಿದರೆ ಎಷ್ಟಕ್ಕೆ ಬೀಳುತ್ತದೆ? ಇಪ್ಪತ್ತು ಮೂವತ್ತು ರೂಪಾಯಿಯಲ್ಲಿ ಮುಗಿಯುವ ತಪ್ಪು ಒಳ್ಳೆಯ ತಪ್ಪು. ಅದನ್ನು ಮಗು ಮಾಡಲಿ. ಸಾವಿರ ರೂಪಾಯಿಯ ತಪ್ಪಾದರೆ ಪಾಠ ನಮಗೆ, ಬೈಗುಳ ಮಗುವಿಗೆ.

ಆಮೇಲೆ ಭಾಷೆ. ನಮ್ಮ ಮನೆಯಲ್ಲಿ ಉದ್ರಿ, ಬಾಕಿ, ಚಿಲ್ಲರೆ, ಭಿಶಿ (ಎಲ್ಲರೂ ರೊಕ್ಕ ಹಾಕಿ ಸರದಿಯಂತೆ ತಗೊಳ್ಳುವ ಚೀಟಿ) ಅಂತೇವೆ. ಆ್ಯಪಿನಲ್ಲಿ ಬಜೆಟ್, ಗೋಲ್, ರಿವಾರ್ಡ್ ಅಂತ ಬರುತ್ತದೆ. ಮಗು ಎರಡನ್ನೂ ಕಲಿಯಲಿ, ಆದರೆ ಮೊದಲು ಮನೆಯ ಮಾತಿನಲ್ಲಿ. ದೊಡ್ಡವರು ಎಷ್ಟು ಹೊತ್ತು ಜೊತೆ ಕೂರಬಲ್ಲರು ಅನ್ನುವುದನ್ನೂ ಪ್ರಾಮಾಣಿಕವಾಗಿ ಹೇಳಿಕೊಳ್ಳಬೇಕು. ಖರ್ಚನ್ನು ಕೊನೆಗೆ ಇಟ್ಟಿದ್ದೇನೆ. ಈ ವಿಷಯದಲ್ಲಿ ದುಬಾರಿ ಇದ್ದದ್ದು ಜಾಸ್ತಿ ಕಲಿಸುತ್ತದೆ ಅನ್ನುವುದನ್ನು ನಾನಂತೂ ಕಂಡಿಲ್ಲ.

ಕಥೆ

ಕಥೆಗೆ ದುಡ್ಡು ಬೇಡ, ಚಾರ್ಜ್ ಬೇಡ. ನಾಲ್ಕು ವರ್ಷದಿಂದಲೇ ಶುರು ಮಾಡಬಹುದು. ನಮ್ಮ ಕಡೆ ಕಥೆಗೆ ಬರವೂ ಇಲ್ಲ.

ನಾನು ಮೊದಲು ಹೇಳಿದ್ದು ಆಯ್ದಕ್ಕಿ ಲಕ್ಕಮ್ಮನ ಕಥೆ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಅವಳ ಗಂಡ ಮಾರಯ್ಯನ ಕಾಯಕ. ಒಂದು ದಿನ ದಿನಕ್ಕಿಂತ ಹೆಚ್ಚು ತಂದ. ಲಕ್ಕಮ್ಮ ನೋಡಿದಳು, ಇದು ನಮಗೆ ಬೇಕಾದದ್ದಕ್ಕಿಂತ ಜಾಸ್ತಿ, ಹೋಗಿ ಅಲ್ಲೇ ಸುರಿದು ಬಾ ಅಂದಳು. ಬೇಕು ಯಾವುದು, ಆಸೆ ಯಾವುದು ಅನ್ನುವುದನ್ನು ಇದಕ್ಕಿಂತ ಸಲೀಸಾಗಿ ಹೇಳುವ ಕಥೆ ನನಗೆ ಸಿಕ್ಕಿಲ್ಲ. ಅಕ್ಕಿ ಮಕ್ಕಳಿಗೆ ಗೊತ್ತು, ಸೆರಗು ಗೊತ್ತು, ಹೊತ್ತುಕೊಂಡು ವಾಪಸ್ ಹೋಗುವ ಬೇಸರವೂ ಗೊತ್ತು.

ಆದರೆ ಎಂಟು ವರ್ಷದ ಮಗಳು ನನ್ನನ್ನು ಸಿಕ್ಕಿಸಿದಳು. "ಹೆಚ್ಚಿಗಿ ಅಕ್ಕಿ ನಾಳಿಗಿ ಇಟ್ಕೋಬಹುದಿತ್ತಲ್ಲವ್ವಾ? ನೀನs ಹುಂಡ್ಯಾಗ ಹಾಕು ಅಂತೀಯಲ್ಲ?" ಹೌದಲ್ಲ! ಒಂದು ಕೈಯಲ್ಲಿ ಕೂಡಿಡು ಅಂತೇವೆ, ಇನ್ನೊಂದು ಕೈಯಲ್ಲಿ ಕೂಡಿಡಬೇಡ ಅನ್ನುವ ಕಥೆ ಹೇಳುತ್ತೇವೆ. ಉತ್ತರ ತಕ್ಷಣ ಹೊಳೆಯಲಿಲ್ಲ. ಆ ಅಕ್ಕಿ ಮತ್ಯಾರಿಗೋ ಬೇಕಿತ್ತು, ನಿನ್ನ ಹುಂಡಿಯ ರೊಕ್ಕ ನಿನ್ನದೇ ಅಂತ ಏನೋ ಅಂದೆ. ಅವಳಿಗೆ ಪೂರ್ತಿ ಒಪ್ಪಿಗೆ ಆಗಲಿಲ್ಲ. ಎರಡು ದಿನ ಅದೇ ಮಾತು. ಆ್ಯಪಿನ ಜೊತೆ ಇಂಥ ಜಗಳ ಆಡೋಕೆ ಆಗುತ್ತಾ?

ಸಾಲದ ಬಗ್ಗೆ ಹೇಳಬೇಕಾದರೆ ಹಾವೇರಿ ಸೀಮೆಯ ಸರ್ವಜ್ಞನೇ ಇದ್ದಾನೆ. ಸಾಲ ತಗೊಳ್ಳುವಾಗ ಹಾಲು ಅನ್ನ ಉಂಡ ಹಾಗೆ, ಕೊಟ್ಟವರು ಕೇಳೋಕೆ ಬಂದಾಗ ಪಕ್ಕೆ ಮುರಿದ ಹಾಗೆ ಅನ್ನುವ ಅರ್ಥದ ತ್ರಿಪದಿ ನಮ್ಮ ಅಜ್ಜಂದಿರ ಬಾಯಲ್ಲೇ ಇತ್ತು. ಸಣ್ಣವನಿಗೆ ಪಕ್ಕೆ ಮುರಿಯುವ ಜಾಗ ಬಹಳ ಇಷ್ಟ. ಅಭಿನಯ ಮಾಡಿ ತೋರಿಸುತ್ತಾನೆ.

ಎಂಟು ಒಂಬತ್ತು ದಾಟಿದವರಿಗೆ ನಿಜವಾಗಿ ನಡೆದ ಕಥೆ ಜಾಸ್ತಿ ಹಿಡಿಸುತ್ತದೆ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಸೇರಿಸಿ ಕೃಷಿ ಸಹಕಾರ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲನೆಯದು ಅಂತ ಹೆಸರಾದ ಸಂಘ ಅದು. ಬಡ್ಡಿ ಅಂದರೇನು, ಸಾಹುಕಾರನ ಹತ್ತಿರ ಹೋಗುವುದಕ್ಕೂ ಹತ್ತು ಜನ ಸೇರಿ ಕೂಡಿಟ್ಟ ರೊಕ್ಕದಿಂದ ಸಾಲ ತಗೊಳ್ಳುವುದಕ್ಕೂ ಏನು ಫರಕು ಅನ್ನುವುದನ್ನು ಇದರಿಂದ ವಿವರಿಸಬಹುದು. ಮಗಳು ಕೇಳಿ ಮುಗಿಸಿ, "ಅಂದ್ರ ನಿಮ್ಮ ಭಿಶಿ ಇದ್ದಂಗ" ಅಂದಳು. ಪೂರ್ತಿ ಹಾಗಲ್ಲ, ಆದರೆ ಹತ್ತಿರ ಬಂದಳು.

ಹೇಳೋಕೆ ಕಥೆ ಸಿಗದಿದ್ದರೆ ಇಲ್ಲಿ ಫೋನು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಪುಕ್ಕಟೆ ಇವೆ. ಓದುವ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ್ದಾರೆ, ಇಳಿಸಿಕೊಂಡು ಪ್ರಿಂಟ್ ಕೂಡ ತೆಗೆಯಬಹುದು. ಸಂತೆ, ಅಂಗಡಿ, ಹಂಚಿಕೊಳ್ಳುವುದು, ಇಂಥ ವಿಷಯದ ಕಥೆ ಹುಡುಕಿ. ಯೂಟ್ಯೂಬ್ ಕಥೆಗಳ ತೊಂದರೆ ಏನಂದರೆ ಕಥೆಯ ನಡುವೆಯೇ ಆಟಿಕೆ ಜಾಹೀರಾತು ಬರುತ್ತದೆ. ಉಳಿತಾಯದ ಕಥೆ ಕೇಳುತ್ತಾ ಕೇಳುತ್ತಾ ಮಗು ರಿಮೋಟ್ ಕಾರು ಬೇಡುತ್ತದೆ.

ಕಥೆಗೆ ಆಗದ ಕೆಲಸ ಒಂದೇ, ಲೆಕ್ಕ. ಲಕ್ಕಮ್ಮ ಗೊತ್ತಿರುವ ಮಗುವಿಗೆ ಐವತ್ತರಲ್ಲಿ ಮೂವತ್ತೈದು ಹೋದರೆ ಎಷ್ಟು ಅನ್ನುವುದು ತಾನಾಗಿ ಬರುವುದಿಲ್ಲ. ಇನ್ನೊಂದು ಮಾತು, ಕಥೆ ಮುಗಿದ ಕೂಡಲೇ "ಇದರಿಂದ ಏನು ಕಲಿತಿ?" ಅಂತ ಕೇಳಬೇಡಿ. ಸಾಲಿಯಲ್ಲಿ ಕೇಳುವವರು ಇದ್ದಾರೆ.

ಹುಂಡಿ ಮತ್ತು ಕೈಯಲ್ಲಿ ಆಡುವ ರೊಕ್ಕ

ನನ್ನ ಮೊದಲೆರಡು ಅಳತೆಗೆ ಸರಿಯಾಗಿ ಹೊಂದುವುದು ಇದು. ಮಣ್ಣಿನ ಹುಂಡಿಯಾದರೂ ಸರಿ, ಹಾರ್ಲಿಕ್ಸ್ ಬಾಟ್ಲಿಯಾದರೂ ಸರಿ. ನಾನು ಬಾಟ್ಲಿ ಕಡೆ. ಒಳಗೆಷ್ಟಿದೆ ಅಂತ ಹೊರಗಿನಿಂದ ಕಾಣುತ್ತದೆ, ತೆಗೆದು ಎಣಿಸಿ ಮತ್ತೆ ಹಾಕಬಹುದು. ಮಣ್ಣಿನದರಲ್ಲಿ ಒಡೆಯುವ ದಿನದ ಸಂಭ್ರಮ ಇದೆ, ಆದರೆ ಒಡೆಯುವ ತನಕ ಒಳಗಿನದೆಲ್ಲ ಗುಟ್ಟು.

ನೋಟನ್ನೇ ಪುಸ್ತಕ ಮಾಡಿಕೊಳ್ಳಬಹುದು. ಈಗಿನ ಐವತ್ತರ ನೋಟಿನ ಹಿಂದೆ ನಮ್ಮ ಹಂಪಿಯ ಕಲ್ಲಿನ ರಥ ಇದೆ. ಪಕ್ಕದ ಪಟ್ಟಿಯಲ್ಲಿ 15 ಭಾಷೆ ಇವೆ, ಕನ್ನಡ ಮೇಲಿನಿಂದ ನಾಲ್ಕನೆಯದು. ಅಕ್ಷರ ಕಲಿಯುವ ಮಗುವಿಗೆ "ಕನ್ನಡ ಎಲ್ಲೈತಿ ಹುಡುಕು" ಅಂತ ಕೊಡಿ, ಹತ್ತು ನಿಮಿಷ ಮನೆ ತಣ್ಣಗಿರುತ್ತದೆ.

ಮಗಳಿಗೆ ಸಿದ್ಧಾರೂಢ ಮಠದ ಜಾತ್ರೆಯಲ್ಲಿ ಹತ್ತರ ಹತ್ತು ನೋಟು ಕೊಟ್ಟೆ. ಇಷ್ಟೇ, ಮುಗಿದರೆ ಮುಗಿಯಿತು, ನಡುವೆ ನಾನು ಬಾಯಿ ಹಾಕುವುದಿಲ್ಲ ಅಂದೆ. ಮೊದಲ ಸಾಲಿನ ಅಂಗಡಿಯಲ್ಲೇ ನಲವತ್ತು ಕೊಟ್ಟು ಪ್ಲಾಸ್ಟಿಕ್ ದುರ್ಬೀನು ತಗೊಂಡಳು. ಬಾಯಿ ಹಾಕದೆ ಇರೋಕೆ ನನಗೆ ನಾಲಿಗೆ ಕಚ್ಚಿಕೊಳ್ಳಬೇಕಾಯಿತು. ತಿರುಗುವ ತೊಟ್ಟಿಲಿಗೆ ಮೂವತ್ತು. ಗಿರ್ಮಿಟ್ ತಿಂದಳು. ಬಳೆ ಅಂಗಡಿ ಮುಂದೆ ನಿಂತಾಗ ಕೈಯಲ್ಲಿ ಹತ್ತೇ ಉಳಿದಿತ್ತು. ಆ ನೋಟನ್ನು ಬಿಚ್ಚಿ ಮಡಚಿ, ಮಡಚಿ ಬಿಚ್ಚಿ, ಬಳೆಯವಳ ಮುಖ ನೋಡಿದಳು, ನನ್ನ ಮುಖ ನೋಡಿದಳು. ದುರ್ಬೀನು ಬಸ್ಸು ಹತ್ತುವ ಮೊದಲೇ ಎರಡು ತುಂಡು. ನಲವತ್ತು ರೂಪಾಯಿಗೆ ಇದು ಬಹಳ ಅಗ್ಗ ಅಂತ ನನ್ನ ಲೆಕ್ಕ. ಮುಂದಿನ ಜಾತ್ರೆಯಲ್ಲಿ ಮೊದಲು ಒಂದು ಸುತ್ತು ಬರೀ ನೋಡಿಕೊಂಡು ಬಂದಳು. ನಾನು ಹೇಳಿರಲಿಲ್ಲ.

ತೊಂದರೆಗಳೂ ಇವೆ. ಚಿಲ್ಲರೆ ಬದಲು ಚಾಕ್ಲೇಟ್ ಕೊಡುವ ಅಂಗಡಿಯವರು ಮಗುವಿನ ಲೆಕ್ಕ ಕೆಡಿಸುತ್ತಾರೆ. ಹತ್ತರ ನಾಣ್ಯ ನಡೆಯಲ್ಲ ಅಂತ ವಾಪಸ್ ಕೊಡುವವರು ಇನ್ನೂ ಇದ್ದಾರೆ. ಹತ್ತರ ನಾಣ್ಯದ 14 ವಿನ್ಯಾಸಗಳೂ ನಡೆಯುತ್ತವೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಅದನ್ನು ಅಂಗಡಿಯವರಿಗೆ ಮಗುವೇ ಹೇಳಲಿ, ಕೇಳೋಕೆ ಚಂದ ಇರುತ್ತದೆ. ದೊಡ್ಡ ತೊಂದರೆ ಬೇರೆ: ಕಾಸು ಎಣಿಸೋಕೆ ಕಲಿತ ಮಗುವಿಗೆ ಫೋನಿನ ರೊಕ್ಕ ಇನ್ನೂ ಮಾಯವೇ. ಅದಕ್ಕೆ ನಾನು ಮಾಡಿದ್ದು ಇಷ್ಟು. ಅಂಗಡಿಯಲ್ಲಿ ಸ್ಕ್ಯಾನ್ ಮಾಡುವ ಮೊದಲು ಖಾತೆಯಲ್ಲಿ ಎಷ್ಟಿದೆ ಅಂತ ತೋರಿಸುತ್ತೇನೆ, ಆದ ಮೇಲೆ ಮತ್ತೆ ತೋರಿಸುತ್ತೇನೆ. ಹಿಂದೆ ನಿಂತವರು ಗೊಣಗುತ್ತಾರೆ. ಗೊಣಗಲಿ.

ಕಾಯಿನ್ ಕೂಡಿಸುವ ಆ್ಯಪ್

ಇಲ್ಲಿ ನನಗೆ ಸ್ವಲ್ಪ ಸಿಟ್ಟಿದೆ, ಮೊದಲೇ ಹೇಳಿಬಿಡುತ್ತೇನೆ. ಆಟ ಆಡುತ್ತಾ ರೊಕ್ಕದ ಲೆಕ್ಕ ಕಲಿಸುವ ಒಂದು ಆ್ಯಪಿಗೆ ನಾನೂ ವರ್ಷದ ಚಂದಾ ಕಟ್ಟಿದ್ದೆ. ಮೊದಲ ವಾರ ಚೆನ್ನಾಗಿತ್ತು. ಮಗಳು ಚಿಲ್ಲರೆ ಲೆಕ್ಕ ಚುರುಕಾಗಿ ಮಾಡತೊಡಗಿದಳು, ಅದನ್ನು ಒಪ್ಪಲೇಬೇಕು. ಆಮೇಲೆ ನೋಡಿದರೆ ಲೆಕ್ಕ ಬಿಟ್ಟು ಬರೀ ಜಾಹೀರಾತು ನೋಡುತ್ತಿದ್ದಾಳೆ. ಒಂದು ನೋಡಿದರೆ 50 ಕಾಯಿನ್. ಆ ಕಾಯಿನ್‌ನಿಂದ ಗೊಂಬೆಗೆ ಟೊಪ್ಪಿಗೆ. ಒಂದು ಸಂಜೆ "ಅಪ್ಪ ಯಾಕ ದಿನಾ ಆಫೀಸಿಗೆ ಹೋಗಬೇಕು, ಜಾಹೀರಾತು ನೋಡಿದ್ರ ಸಾಕಲ್ಲ" ಅಂದಳು. ವರ್ಷ ಮುಗಿದಾಗ ಚಂದಾ ತಾನೇ ನವೀಕರಣ ಆಗಿ ನನ್ನ ಖಾತೆಯಿಂದ ಮತ್ತೆ ರೊಕ್ಕ ಹೋಯಿತು. ಪಾಠ ನನಗಾಯಿತು.

ಹಾಗಂತ ಎಲ್ಲವನ್ನೂ ತಳ್ಳಿಹಾಕುವುದಿಲ್ಲ. ಜಾಹೀರಾತಿಲ್ಲದ, ನೋಟು ನಾಣ್ಯ ಎಣಿಸುವ ಸರಳ ಆಟ ಆರೇಳು ವರ್ಷದವರಿಗೆ ಅಭ್ಯಾಸಕ್ಕೆ ಒಳ್ಳೆಯದು, ದಿನಕ್ಕೆ ಹದಿನೈದು ನಿಮಿಷ. ಹಾಕುವ ಮೊದಲು ಮೂರು ದಿನ ನೀವೇ ಆಡಿ ನೋಡಿ. ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಡಿ. ಮಗುವಿನ ಹೆಸರು, ಹುಟ್ಟಿದ ದಿನ, ಫೋಟೋ ಕೇಳಿದರೆ ಎಚ್ಚರ. 2023ರ ಡೇಟಾ ಸಂರಕ್ಷಣಾ ಕಾಯ್ದೆ ಪ್ರಕಾರ 18 ತುಂಬದವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು.

ಅವ್ವನ ಬ್ಯಾಂಕು

ಇದಕ್ಕೆ ಬೇಕಾದದ್ದು ಇಪ್ಪತ್ತು ರೂಪಾಯಿಯ ನೋಟ್‌ಬುಕ್ಕು. ರವಿವಾರ ಮಗಳು ತನ್ನ ರೊಕ್ಕ ನನ್ನ ಹತ್ತಿರ ಇಡಬಹುದು. ದಿನಾಂಕ, ಜಮಾ, ಖರ್ಚು, ಬಾಕಿ ಅವಳೇ ಬರೆಯಬೇಕು. ಮುಂದಿನ ರವಿವಾರದ ತನಕ ಇಟ್ಟ ಪ್ರತಿ ಹತ್ತು ರೂಪಾಯಿಗೆ ಒಂದು ರೂಪಾಯಿ ಬಡ್ಡಿ.

ಏಳರಿಂದ ಹತ್ತರ ವಯಸ್ಸಿಗೆ ಇದು ನನ್ನ ಮೆಚ್ಚಿನದು. ಬರೀ ಅಂಕಿಯಾಗಿ ಕಾಗದದ ಮೇಲೆ ಇರುವ ರೊಕ್ಕವೂ ರೊಕ್ಕವೇ ಅನ್ನುವುದನ್ನು ಇದು ಕಲಿಸುತ್ತದೆ, ಅಂದರೆ ಫೋನಿನ ರೊಕ್ಕಕ್ಕೆ ಇದೇ ಸೇತುವೆ. ಒಂದು ಮಿತಿ ಮಾತ್ರ ಮೊದಲೇ ಹಾಕಿಕೊಳ್ಳಿ. ನಾನು ಹಾಕಿರಲಿಲ್ಲ. ಈ ಬಡ್ಡಿಯಲ್ಲಿ, ಬಡ್ಡಿಗೂ ಬಡ್ಡಿ ಸೇರಿ, ನೂರು ರೂಪಾಯಿ ಹತ್ತು ವಾರಕ್ಕೆ 256 ಆಗುತ್ತದೆ, ಅವ್ವನ ಬ್ಯಾಂಕು ದಿವಾಳಿ. ಈಗ ನೂರರ ಮೇಲಿನದಕ್ಕೆ ಬಡ್ಡಿ ಇಲ್ಲ. ಮತ್ತೆ ರವಿವಾರ ತಪ್ಪಿಸಬಾರದು. ಎರಡು ವಾರ ತಪ್ಪಿದರೆ ನೋಟ್‌ಬುಕ್ಕು ಕಳೆಯುತ್ತದೆ, ನಮ್ಮ ಮೇಲಿನ ನಂಬಿಕೆಯೂ ಅದರ ಜೊತೆ.

ನಿಜವಾದ ಖಾತೆ

ಮಗು ಎಷ್ಟೇ ಸಣ್ಣದಿರಲಿ, ಪಾಲಕರ ಮೂಲಕ ಉಳಿತಾಯ ಖಾತೆ ತೆರೆಯಬಹುದು. ಹತ್ತು ತುಂಬಿದವರು ತಾವೇ ತೆರೆದು ನಡೆಸಬಹುದು; 2025ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಇದರ ನಿಯಮಗಳನ್ನು ಹೊಸದಾಗಿ ಹೊರಡಿಸಿತು. ಎಷ್ಟು ಮೊತ್ತದವರೆಗೆ, ಎಟಿಎಂ ಕಾರ್ಡ್ ಕೊಡಬೇಕಾ ಅನ್ನುವುದು ಬ್ಯಾಂಕಿಗೆ ಬಿಟ್ಟದ್ದು. ಖಾತೆಯಲ್ಲಿ ಇಲ್ಲದ ರೊಕ್ಕ ತೆಗೆಯುವ ಹಾಗಿಲ್ಲ. ಸ್ಟೇಟ್ ಬ್ಯಾಂಕಿನಲ್ಲಿ ಎರಡು ಬಗೆ ಇವೆ. ಯಾವ ವಯಸ್ಸಿಗಾದರೂ ತಂದೆ ಅಥವಾ ತಾಯಿಯ ಜೊತೆ ಜಂಟಿಯಾಗಿ ಪೆಹಲಾ ಕದಮ್, ಹತ್ತು ದಾಟಿ ಸಹಿ ಮಾಡಬಲ್ಲವರಿಗೆ ಪೆಹಲಿ ಉಡಾನ್. ಅಂಚೆ ಕಚೇರಿಯಲ್ಲಿ 500 ರೂಪಾಯಿಯಿಂದ ಶುರು, ಬಡ್ಡಿ ವರ್ಷಕ್ಕೆ ಶೇಕಡಾ 4.

ಆ ಬಡ್ಡಿಯನ್ನು ಮಗುವಿನ ಕಣ್ಣಿನಿಂದ ನೋಡಿ. ಐನೂರು ಇಟ್ಟು ವರ್ಷವಿಡೀ ಕಾದರೆ ಇಪ್ಪತ್ತು ರೂಪಾಯಿ. ಏಳು ವರ್ಷದವರಿಗೆ ಒಂದು ವರ್ಷ ಅಂದರೆ ಯುಗ. ಅದಕ್ಕೇ ಹತ್ತರ ಒಳಗೆ ಖಾತೆ ಪಾಠಕ್ಕಲ್ಲ, ಬರೀ ಭದ್ರತೆಗೆ. ಹತ್ತರ ಮೇಲೆ ತಾನೇ ಸ್ಲಿಪ್ ತುಂಬಿ, ಸಾಲಿನಲ್ಲಿ ನಿಂತು, ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಬರಲಿ. ಸಾಲಿನಲ್ಲಿ ನಿಲ್ಲುವುದೂ ಒಂದು ಪಾಠವೇ ಅಲ್ವಾ?

ಓಣಿಯ ಸೊಸೈಟಿಯಲ್ಲಿ ಬಡ್ಡಿ ಜಾಸ್ತಿ ಅಂತ ಅಲ್ಲಿ ಹಾಕುವವರು ನಮ್ಮಲ್ಲಿ ಬಹಳ. ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕೂ ಸೇರಿ, 5 ಲಕ್ಷದವರೆಗೆ ವಿಮೆ ಇದೆ. ಬರೀ ಪತ್ತಿನ ಸಹಕಾರ ಸಂಘಕ್ಕೆ ಆ ವಿಮೆ ಇಲ್ಲ. ಮಗುವಿನ ರೊಕ್ಕ ಇಡುವ ಮೊದಲು ಬೋರ್ಡಿನಲ್ಲಿ ಬ್ಯಾಂಕು ಅಂತ ಇದೆಯಾ, ಸಂಘ ಅಂತ ಇದೆಯಾ ಓದಿ. ಸುಕನ್ಯಾ ಸಮೃದ್ಧಿ (ಹೆಣ್ಣುಮಕ್ಕಳ ಹೆಸರಿನ ಸರ್ಕಾರಿ ಉಳಿತಾಯ ಖಾತೆ) ಬಗ್ಗೆ ಕೇಳುವವರಿಗೆ: ಮಗಳಿಗೆ ಹತ್ತು ತುಂಬುವ ಮೊದಲು ಮಾಡಿಸಿ, ವರ್ಷಕ್ಕೆ ಕನಿಷ್ಠ 250 ಸಾಕು, ಅವಳ ಮುಂದಿನ ಓದಿಗೆ ಒಳ್ಳೆಯದೇ. ಆದರೆ ಅದು ನೀವು ಮಾಡುವ ಉಳಿತಾಯ. ಅವಳು ಅದರಿಂದ ಸದ್ಯಕ್ಕೆ ಏನೂ ಕಲಿಯುವುದಿಲ್ಲ.

ಪಾಕೆಟ್ ಮನಿ ಕಾರ್ಡು, ಯುಪಿಐ ಸರ್ಕಲ್

ಬೇಗ ಮುಗಿಸುತ್ತೇನೆ, ಸಣ್ಣ ಮಕ್ಕಳಿಗೆ ಇವು ಬೇಡ. ಮೊದಲೇ ರೊಕ್ಕ ತುಂಬಿಸಿ ಕೊಡುವ ಕಾರ್ಡು, ಅದರ ಆ್ಯಪು, ಧಾರವಾಡದ ಹಾಸ್ಟೆಲ್‌ನಲ್ಲಿ ಓದುವ ಮಕ್ಕಳಿಗೆ ಸರಿ. ತುಂಬಿಸಿದಷ್ಟೇ ಖರ್ಚು, ಎಲ್ಲಿ ಹೋಯಿತು ಅಂತ ಊರಲ್ಲಿ ಕೂತು ನೋಡಬಹುದು. ತಗೊಳ್ಳುವ ಮೊದಲು ಕಾರ್ಡಿನ ಶುಲ್ಕ ಎಷ್ಟು ಅಂತ ಕೇಳಿ. ಯುಪಿಐ ಸರ್ಕಲ್ 2024ರಲ್ಲಿ ಬಂತು. ನಿಮ್ಮ ಖಾತೆಯಿಂದಲೇ ಮನೆಯ ಇನ್ನೊಬ್ಬರು ಪಾವತಿ ಮಾಡಬಹುದು. ಒಂದೊಂದಕ್ಕೂ ನೀವು ಒಪ್ಪಿಗೆ ಕೊಡುವ ಹಾಗೆ ಇಡಬಹುದು, ಇಲ್ಲವೇ ತಿಂಗಳಿಗೆ 15,000ದ ಒಳಗೆ ಮಿತಿ ಹಾಕಿ ಬಿಟ್ಟುಬಿಡಬಹುದು. ಮಗುವಿಗಾದರೆ ಒಪ್ಪಿಗೆಯ ದಾರಿಯೇ ಸರಿ. ಒಂದೇ ಮಾತು: ಪಿಯುಸಿ ಹುಡುಗ ತಿಂದ ಪಾನಿಪುರಿಯ ಪ್ರತಿ ಮೆಸೇಜಿಗೂ ಫೋನ್ ಮಾಡಿ ವಿಚಾರಿಸಿದರೆ ಅವನು ನಗದಿಗೆ ಹೋಗುತ್ತಾನೆ.

ಇನ್ನು ಮೂರು ಮನೆ

ವಿದ್ಯಾನಗರದವರಿಗೆ: ನಿಮ್ಮಲ್ಲಿ ಇಲ್ಲದ್ದು ಸಮಯ, ಆ್ಯಪಲ್ಲ. ರವಿವಾರ ಹದಿನೈದು ನಿಮಿಷ ಸಿಕ್ಕರೆ ನೋಟ್‌ಬುಕ್ ಬ್ಯಾಂಕು ಶುರು ಮಾಡಿ. ವಾರದ ನಡುವೆ ಮಲಗುವಾಗ ಸ್ಟೋರಿವೀವರ್‌ನ ಒಂದು ಕಥೆ. ಅದೂ ಆಗದಿದ್ದರೆ ಜಾಹೀರಾತಿಲ್ಲದ ಆಟದ ಆ್ಯಪ್ ಇರಲಿ, ಏನೂ ಇಲ್ಲದ್ದಕ್ಕಿಂತ ಮೇಲು. ಆದರೆ ವರ್ಷದ ಚಂದಾ ಬೇಡ, ತಿಂಗಳದ್ದು ತಗೊಳ್ಳಿ, ತಾನಾಗಿ ನವೀಕರಣ ಆಗುವುದನ್ನು ಅವತ್ತೇ ಆಫ್ ಮಾಡಿ.

ಬೆಟಗೇರಿಯವರೇ, ಅಜ್ಜಿಯ ಕಥೆ ಅರ್ಧ ಆಯಿತು. ಇನ್ನರ್ಧ ನಿಮ್ಮ ಅಂಗಡಿಯಲ್ಲೇ ಇದೆ. ಸೂಟಿ ಇದ್ದ ದಿನ ಒಂದು ತಾಸು ಮಗಳನ್ನು ಗಲ್ಲಾ ಪಕ್ಕ ಕೂರಿಸಿ. ಚಿಲ್ಲರೆ ಅವಳೇ ಎಣಿಸಿ ಕೊಡಲಿ, ನೀವು ಒಮ್ಮೆ ನೋಡಿ. ಉದ್ರಿ ವಹಿಯಲ್ಲಿ ಒಂದು ಪುಟ ತೋರಿಸಿ, ಗಿರಾಕಿಯ ಹೆಸರು ಮುಚ್ಚಿ. ಸೀರೆಗೆ ಕೊಟ್ಟ ಬೆಲೆಯಲ್ಲಿ ನೂಲಿಗೆಷ್ಟು, ನೇಯ್ದವರಿಗೆಷ್ಟು, ನಿಮಗೆಷ್ಟು ಉಳಿಯಿತು ಅಂತ ಹೇಳಿ. ನಿಮಗೆ ಯಾವ ಆ್ಯಪೂ ಬೇಡ.

ಹಾವೇರಿಯ ತಂಗಿ, ಮಗನಿಗೆ ಒಂಬತ್ತು ಅಂದಿರಿ. ಹುಂಡಿಯ ಅರ್ಧ ರೊಕ್ಕ ಅಂಚೆ ಕಚೇರಿಗೋ ಬ್ಯಾಂಕಿಗೋ ಅವನ ಹೆಸರಲ್ಲಿ ಹಾಕಿ, ಅವನನ್ನೇ ಕರೆದುಕೊಂಡು ಹೋಗಿ. ಇನ್ನರ್ಧ ಮನೆಯಲ್ಲೇ ಇರಲಿ, ಅವನು ಖರ್ಚು ಮಾಡಲಿ, ತಪ್ಪು ಮಾಡಲಿ. ಇನ್ನು ನಿಮ್ಮ ಮಾವನವರು ಬಂದಾಗಲೆಲ್ಲ ಐನೂರರ ನೋಟು ಕೊಡುತ್ತಾರೆ, ಬೇಡ ಅಂದರೆ ಬೇಜಾರಾಗುತ್ತಾರೆ ಅಂತ ಬರೆದಿದ್ದೀರಿ. ಬೇಡ ಅನ್ನಬೇಡಿ. "ಮಾವನೋರs, ಹತ್ತರ ನೋಟು ತಂದು ಕೊಡ್ರಿ, ನಿಮ್ಮ ಮುಂದನs ಎಣಸ್ತಾನ" ಅನ್ನಿ. ಐವತ್ತು ನೋಟು ಎಣಿಸೋಕೆ ಒಂಬತ್ತು ವರ್ಷದವನಿಗೆ ಸಾಕಷ್ಟು ಹೊತ್ತು ಬೇಕು, ನಡುವೆ ಎರಡು ಸಲ ಲೆಕ್ಕ ತಪ್ಪುತ್ತದೆ. ಅಷ್ಟರಲ್ಲಿ ನಿಮ್ಮ ಚಹಾ ಆಗಿರುತ್ತದೆ.